ಮಲದಲ್ಲಿ ಕಾಣುವ ಅಸಹಜ ಬದಲಾವಣೆಗಳು: ಕಾರಣ, ಚಿಕಿತ್ಸೆ ಮತ್ತು ಪಂಚಾಯಿತಿಯ ಹೊಣೆ



ಮಲದ ವಿಷಯವನ್ನು ಬಾಯಿಬಿಟ್ಟು ಹೇಳಲು ಜನರು ಸಂಕೋಚಪಡುತ್ತಾರೆ. "ಹೊಟ್ಟೆ ಕೆಟ್ಟಿದೆ" ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಆದರೆ ಮಲದ ಬಣ್ಣ ಮತ್ತು ರೂಪವು ರೋಗದ ಮೊದಲ ಸುಳಿವು. ಆದುದರಿಂದ ಅದು ಹೇಗಿದೆ, ಎಷ್ಟು ಸಲ ಆಗಿದೆ, ಇನ್ನಾರಿಗೆ ಆಗಿದೆ ಎಂಬ ಮೂರು ಪ್ರಶ್ನೆಗಳನ್ನು ಸದಸ್ಯರು ಸಂಕೋಚವಿಲ್ಲದೆ ಕೇಳತಕ್ಕದ್ದು.

1. ನೀರಿನಂತಹ ಭೇದಿ: ಇದಕ್ಕೆ ಮುಖ್ಯ ಕಾರಣ ಕಲುಷಿತ ನೀರು ಮತ್ತು ಆಹಾರ. ಅಕ್ಕಿ ತೊಳೆದ ನೀರಿನಂತೆ ಧಾರಾಳವಾಗಿ ಹೋಗುತ್ತಿದ್ದರೆ ಕಾಲರಾ ಎಂದು ಶಂಕಿಸಬೇಕು. ಇಲ್ಲಿ ಪ್ರಾಣಾಪಾಯ ಒದಗುವುದು ದೇಹದ ನೀರು ಮತ್ತು ಲವಣ ನಷ್ಟವಾಗುವುದರಿಂದ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಪೂರ್ಣವಾಗಿ ಬೆರೆಸಿ, ಆಗಾಗ ಕುಡಿಸಿ, 24 ಗಂಟೆಯೊಳಗೆ ಬಳಸಬೇಕು. ಮಕ್ಕಳಿಗೆ ಎದೆಹಾಲು, ಆಹಾರ ನಿಲ್ಲಿಸಬಾರದು. ಆರೋಗ್ಯ ಸಿಬ್ಬಂದಿ ನೀಡುವ ಜಿಂಕ್ ಮಾತ್ರೆಯನ್ನು 14 ದಿನ ಕೊಡಬೇಕು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನೋಬಿಸ್ ಅವರು ಇಂತಹ ದ್ರಾವಣವನ್ನು ಕುಡಿಸಿದ್ದರಿಂದ ಕಾಲರಾ ರೋಗಿಗಳ ಸಾವು ಶೇ. 30ರಷ್ಟಿದ್ದುದು ಶೇ. 4ಕ್ಕಿಂತ ಕೆಳಗಿಳಿಯಿತು.

2. ರಕ್ತ, ಲೋಳೆ: ಹೊಟ್ಟೆನುಲಿತ, ಜ್ವರದೊಡನೆ ಇವು ಕಂಡರೆ ಆಮಶಂಕೆ. ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ ಅಥವಾ ಅಮೀಬಾ ಇದಕ್ಕೆ ಕಾರಣ. ಓಆರ್‌ಎಸ್ ಮಾತ್ರ ಸಾಲದು. ವೈದ್ಯರು ಸೂಚಿಸಿದ ಔಷಧ ಬೇಕು. ಅಂಗಡಿಯಿಂದ ಭೇದಿ ನಿಲ್ಲಿಸುವ ಮಾತ್ರೆ ತಂದು ಕೊಡುವುದು ಅಪಾಯಕರ.

3. ಇತರ ಬದಲಾವಣೆಗಳು: ಡಾಂಬರಿನಂತಹ ಕಪ್ಪು ಮಲವು ಜಠರದ ರಕ್ತಸ್ರಾವದ ಸೂಚನೆಯಿರಬಹುದು. ಗರ್ಭಿಣಿಯರು ಸೇವಿಸುವ ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ. ಅದಕ್ಕೆ ಹೆದರಿ ಮಾತ್ರೆ ಬಿಡಬಾರದು, ಆಶಾ ಕಾರ್ಯಕರ್ತೆಯನ್ನು ಕೇಳಬೇಕು. ಬಿಳಿಚಿದ ಮಲ, ಹಳದಿ ಕಣ್ಣು ಕಾಮಾಲೆಯ ಲಕ್ಷಣ. ಕೆಂಪು ರಕ್ತ ಹನಿಯುವುದು ಮೂಲವ್ಯಾಧಿಯಿಂದಿರಬಹುದು. ಆದರೂ ವಯಸ್ಸಾದವರಲ್ಲಿ ರಕ್ತದೊಡನೆ ತೂಕವೂ ಇಳಿಯುತ್ತಿದ್ದರೆ ಕ್ಯಾನ್ಸರ್ ಪರೀಕ್ಷೆ ಅವಶ್ಯ.

ಕಣ್ಣು ಗುಳಿಬಿದ್ದು, ಮೂತ್ರ ಕಡಿಮೆಯಾಗಿ, ಮಂಪರು ಕವಿದರೆ ಅಥವಾ ಕುಡಿದುದೆಲ್ಲ ವಾಂತಿಯಾದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಪಂಚಾಯಿತಿಯ ಕರ್ತವ್ಯ: ಒಂದೇ ಬೀದಿಯ ಎರಡು ಮೂರು ಮನೆಗಳಲ್ಲಿ ಭೇದಿ ಕಂಡರೆ ಅವರೆಲ್ಲರೂ ಕುಡಿಯುವ ನೀರಿನ ಮೂಲವನ್ನು ಶಂಕಿಸಬೇಕು. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಆ ಮೂಲದ ಬಳಕೆ ನಿಲ್ಲಿಸಿ, ಬದಲಿ ನೀರು ಒದಗಿಸಬೇಕು. ಚರಂಡಿಯೊಳಗೆ ಹಾದುಹೋಗುವ ಕೊಳವೆಗಳ ಸೋರಿಕೆಯನ್ನು ನೀರುಗಂಟಿಯೊಡನೆ ಖುದ್ದಾಗಿ ನೋಡಬೇಕು. ಟ್ಯಾಂಕ್ ತೊಳೆಸಿ, 1000 ಲೀಟರಿಗೆ ಸುಮಾರು 2.5 ಗ್ರಾಂ ಉತ್ತಮ ಬ್ಲೀಚಿಂಗ್ ಪುಡಿಯನ್ನು ನೀರಿನಲ್ಲಿ ಕದಡಿ, ತಿಳಿಯನ್ನಷ್ಟೇ ಬೆರೆಸಿ, ಒಂದು ಗಂಟೆಯ ನಂತರ ನೀರು ಬಿಡಬೇಕು. ಕೊನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ಪರೀಕ್ಷಿಸಿ ದಾಖಲಿಸತಕ್ಕದ್ದು.

ರೋಗಿಗೆ ಚಿಕಿತ್ಸೆ ನೀಡುವವರು ವೈದ್ಯರು. ಮುಂದಿನ ಮನೆಗೆ ರೋಗ ಹರಡದಂತೆ ತಡೆಯುವ ಅಧಿಕಾರ ಮತ್ತು ಹೊಣೆ ಪಂಚಾಯಿತಿಯದು.