ಮಾತ್ರೆ ಬಿಡಿಸಲು ಮತ್ತೊಂದು ಮಾತ್ರೆಯೇ?

ತಾಯೀ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬೈಕ್ ಅಪಘಾತದ ನೋವಿಗೆಂದು ಶುರುವಾದ ಟ್ರಮಡಾಲ್ ಮಾತ್ರೆ ಎರಡು ವರ್ಷವಾದರೂ ಮಗನನ್ನು ಬಿಟ್ಟಿಲ್ಲ. ಕೋಣೆಯಲ್ಲಿ ಕೂಡಿಹಾಕಿದಾಗ ಮೂಗು ಸೋರಿ, ಮೇಲಿಂದ ಮೇಲೆ ಆಕಳಿಸಿ, ಕಾಲುನೋವಿಗೆ ರಾತ್ರಿಯಿಡೀ ಗೋಡೆಗೆ ಒದ್ದ ಎಂದಿದ್ದೀರಿ. ಅದು ನಾಟಕವಲ್ಲ, ಹಟವೂ ಅಲ್ಲ. ಮಿದುಳು ಆ ಔಷಧಕ್ಕೆ ಒಗ್ಗಿಹೋಗಿದೆ. ದಯವಿಟ್ಟು ಇನ್ನು ಕೂಡಿಹಾಕಬೇಡಿ.

ಈ ಅವಲಂಬನೆಗೆ ಬುಪ್ರೆನಾರ್ಫಿನ್-ನಾಲೊಕ್ಸೋನ್ ಎಂಬ ಮಾತ್ರೆಯಿದೆ. ನಾಲಗೆಯಡಿ ಇಟ್ಟುಕೊಂಡು, ಕರಗುವ ತನಕ ನುಂಗದೆ, ನೀರು ಕುಡಿಯದೆ ಕೂರಬೇಕು. ಹಳೆಯ ಮಾತ್ರೆಯ ಪ್ರಭಾವ ಇಳಿದು ಆಕಳಿಕೆ, ಬೆವರು ಕಾಣಿಸಿದ ಮೇಲೆಯೇ ಮೊದಲ ಡೋಸ್. ಅವಸರಪಟ್ಟರೆ ಒದ್ದಾಟ ಒಮ್ಮೆಲೇ ಹೆಚ್ಚುತ್ತದೆ. ಹಾಗಾಗಿ ವೈದ್ಯರ ಕಣ್ಣೆದುರೇ ಶುರುವಾಗಲಿ.

‘ಒಂದು ಚಟ ಬಿಡಿಸಿ ಇನ್ನೊಂದು ಅಂಟಿಸುವುದೇ?’ ಎಂದು ನಿಮ್ಮ ಯಜಮಾನರು ಕೇಳಿದ್ದಾರೆ. ಅಲ್ಲ. ಸರಿಯಾದ ಪ್ರಮಾಣದಲ್ಲಿ ಇದು ಅಮಲೇರಿಸದೆ ಹಂಬಲವನ್ನು ತಗ್ಗಿಸುತ್ತದೆ. ಹುಡುಗ ಕೆಲಸಕ್ಕೆ ಹೋಗಬಲ್ಲ. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಬೇಕಾಗುತ್ತದೆ. ನಾಲ್ಟ್ರೆಕ್ಸೋನ್ ಎಂಬ ಇನ್ನೊಂದು ಔಷಧವೂ ಇದೆ, ಆದರೆ ಅದಕ್ಕೆ ಮೊದಲು 7ರಿಂದ 10 ದಿನ ಟ್ರಮಡಾಲ್ ಮುಟ್ಟದೆ ಇರಬೇಕು. ನಿಮ್ಮ ಮಗನಿಗೆ ಸದ್ಯಕ್ಕೆ ಅದು ಕಷ್ಟ.

ಒಂದು ಎಚ್ಚರಿಕೆ: ಕೆಲವು ವಾರ ಬಿಟ್ಟವನು ಮತ್ತೆ ಹಳೆಯ ಪ್ರಮಾಣವನ್ನೇ ನುಂಗಿದರೆ ಉಸಿರೇ ನಿಲ್ಲಬಹುದು. ಬರೀ ‘ಬಿಡಿಸಿ ಕಳಿಸುವ’ ಕೇಂದ್ರಗಳನ್ನು ನಾನು ಒಪ್ಪದಿರುವುದು ಇದಕ್ಕೇ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. 14446 ಉಚಿತ ಸಹಾಯವಾಣಿ. ಈ ವಾರವೇ ಕರೆ ಮಾಡಿ. ಅವನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.