ಮ್ಯೂಸಿಯಂ ಎಲ್ಲರದ್ದೂ ಆಗಬೇಕಾದ್ರೆ: ಸ್ವಲ್ಪ ಲೆಕ್ಕ, ಸ್ವಲ್ಪ ಡಿಸೈನ್

ಮ್ಯೂಸಿಯಂನಲ್ಲಿ ‘ಮುಟ್ಟಬೇಡಿ’ ಅನ್ನೋ ಬೋರ್ಡು ನಾವೆಲ್ಲ ನೋಡಿರ್ತೀವಿ. ಕಣ್ಣು ಕಾಣದವರಿಗೆ ಅದರ ಅರ್ಥ ‘ನಿಮಗೆ ಇಲ್ಲಿ ಏನೂ ಇಲ್ಲ’ ಅಂತ. ವೀಲ್‌ಚೇರ್‌ನಲ್ಲಿ ಬಂದವರು ಎಷ್ಟೋ ಕಡೆ ಆ ಬೋರ್ಡಿನವರೆಗೂ ಹೋಗೋಕಾಗಲ್ಲ, ಬಾಗಿಲಲ್ಲೇ ಮೆಟ್ಟಿಲು. ಕಲೆ ವಿಕಲಚೇತನರಿಗೂ ತಲುಪಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29ನೇ ಸೆಕ್ಷನ್ ಹೇಳುತ್ತದೆ. ಅಂದ್ರೆ ಇದು ದಯೆಯ ಮಾತಲ್ಲ, ಹಕ್ಕು. ಅದನ್ನು ಕಟ್ಟಿಕೊಡುವ ಕೆಲಸದಲ್ಲಿ ನಮ್ಮ ಪಾಲೂ ಇದೆ.

1. ರ‍್ಯಾಂಪ್

ಸಾಮಾನ್ಯ ನಿಯಮ 1:12. ಅಂದರೆ 1 ಮೀಟರ್ ಎತ್ತರಕ್ಕೆ 12 ಮೀಟರ್ ಉದ್ದ. 15 ಸೆಂ.ಮೀ.ನ ಮೂರು ಮೆಟ್ಟಿಲಿದ್ದರೆ ಎತ್ತರ 45 ಸೆಂ.ಮೀ., ರ‍್ಯಾಂಪ್‌ಗೆ ಬೇಕಾದ ಉದ್ದ 5.4 ಮೀಟರ್. ಜಾಗ ಇಲ್ಲ ಅಂತ 2 ಮೀಟರ್‌ನಲ್ಲೇ ಮುಗಿಸಿದರೆ? ಕುರ್ಚಿ, ಕೂತವರು ಸೇರಿ 80 ಕೆ.ಜಿ. ಅಂದುಕೊಳ್ಳೋಣ. ಘರ್ಷಣೆ ಬಿಟ್ಟು ಲೆಕ್ಕ ಹಾಕಿದರೆ, 1:12ರಲ್ಲಿ ತಳ್ಳಲು ಸುಮಾರು 65 ನ್ಯೂಟನ್ ಸಾಕು. 2 ಮೀಟರ್ ರ‍್ಯಾಂಪ್‌ನಲ್ಲಿ ಸುಮಾರು 172 ನ್ಯೂಟನ್ ಬೇಕು. ಹೆಸರಿಗೆ ರ‍್ಯಾಂಪ್ ಇದೆ, ಆದರೆ ಒಬ್ಬರೇ ಹತ್ತೋಕಾಗಲ್ಲ. ಇಳಿಯೋದು ಇನ್ನೂ ಅಪಾಯ.

2. ಮುಟ್ಟಿ ನೋಡುವ ಪ್ರತಿಕೃತಿ

‘ಮುಟ್ಟಬೇಡಿ’ ಅನ್ನೋದಕ್ಕೂ ಕಾರಣ ಇದೆ. ಕೈಯ ಬೆವರು, ಎಣ್ಣೆ ಅಂಶ ಹಳೆಯ ವಸ್ತುಗಳನ್ನು ಹಾಳುಮಾಡುತ್ತವೆ. ಅದಕ್ಕೆ ದಾರಿ, ಪ್ರತಿಕೃತಿ. ದೆಹಲಿಯ ನ್ಯಾಷನಲ್ ಮ್ಯೂಸಿಯಂನಲ್ಲಿ 2015ರಲ್ಲಿ ಶುರುವಾದ ‘ಅನುಭವ್’ ಗ್ಯಾಲರಿಯಲ್ಲಿ ಮುಟ್ಟಿ ತಿಳಿಯುವ 22 ಪ್ರತಿಕೃತಿಗಳನ್ನು ಇಟ್ಟರು, ಜೊತೆಗೆ ಬ್ರೈಲ್ ಲೇಬಲ್ ಮತ್ತು ಆಡಿಯೋ ಗೈಡ್. ಸ್ಪೇನ್‌ನ ಪ್ರಾಡೊ ಮ್ಯೂಸಿಯಂ ಅದೇ ವರ್ಷ ಆರು ಚಿತ್ರಗಳನ್ನು ಉಬ್ಬುಚಿತ್ರ ಮಾಡಿಸಿತ್ತು. ನಮ್ಮ ಲ್ಯಾಬಿನ 3ಡಿ ಪ್ರಿಂಟರ್‌ನಲ್ಲೂ ಇಂಥದ್ದನ್ನು ಪ್ರಯತ್ನಿಸಬಹುದು. ಒಂದು ಮಾತು ನೆನಪಿರಲಿ: ಕಣ್ಣಿಗೆ ಚೆಂದ ಅನಿಸುವ ಎಲ್ಲ ಸೂಕ್ಷ್ಮ ಗೆರೆಗಳನ್ನೂ ತುಂಬಿದರೆ ಬೆರಳಿಗೆ ಗೊಂದಲ. ಮುಖ್ಯ ಆಕಾರ ಉಳಿಸಿ, ಮಿಕ್ಕಿದ್ದನ್ನು ಬಿಡಬೇಕು.

3. ಬ್ರೈಲ್ ಮತ್ತು ಲೇಬಲ್

ಒಂದು ಬ್ರೈಲ್ ಅಕ್ಷರಕ್ಕೆ ಆರು ಚುಕ್ಕಿಗಳ ಜಾಗ. ಚುಕ್ಕಿಗಳ ನಡುವೆ ಸುಮಾರು 2.5 ಮಿ.ಮೀ. ಅಂತರ. ಇಡೀ ಅಕ್ಷರ ಬೆರಳತುದಿಯ ಅಡಿಯಲ್ಲಿ ಸಿಗಬೇಕು. ‘ಬೋರ್ಡ್ ದೊಡ್ಡದಿದೆ, ಬ್ರೈಲನ್ನೂ ದೊಡ್ಡದು ಮಾಡೋಣ’ ಅಂದರೆ ಯಾರೂ ಓದೋಕಾಗಲ್ಲ. ಅದು ಬರೀ ಅಲಂಕಾರ. ಕಣ್ಣಿನಿಂದ ಓದುವ ಲೇಬಲ್‌ಗಳನ್ನು ಕುಳಿತವರ ಕಣ್ಣಿನ ಎತ್ತರಕ್ಕೂ ಹೊಂದುವಂತೆ ಹಾಕಬೇಕು. ಕಿವಿ ಕೇಳದವರಿಗಾಗಿ ವಿಡಿಯೋಗೆ ಸಬ್‌ಟೈಟಲ್ ಇರಲಿ. ಸಂಜ್ಞಾಭಾಷೆಯೂ ಇದ್ದರೆ ಇನ್ನೂ ಒಳ್ಳೇದು.

ಇಲ್ಲಿ ಯಾವುದೂ ರಾಕೆಟ್ ವಿಜ್ಞಾನವಲ್ಲ. ಕಷ್ಟ ಇರೋದು ಸಮಯದಲ್ಲಿ. ಕಟ್ಟಡ ಎದ್ದ ಮೇಲೆ 5.4 ಮೀಟರ್ ಜಾಗ ಹುಡುಕಿದರೆ ಸಿಗಲ್ಲ, ಪ್ಲಾನ್ ಶೀಟಿನಲ್ಲೇ ಅದನ್ನು ಬಿಡಬೇಕು. ಹಾಗೇ, ಬಳಸುವವರನ್ನು ಉದ್ಘಾಟನೆಗೆ ಕರೆಯೋದಲ್ಲ, ಮೊದಲ ಮಾದರಿ ತಯಾರಾದಾಗಲೇ ಕರೆದು ಕೇಳಬೇಕು.

ಮುಂದಿನ ಪ್ರಾಜೆಕ್ಟ್ ಎಕ್ಸಿಬಿಷನ್‌ಗೆ ಟೇಬಲ್ ಜೋಡಿಸುವಾಗ ಇದನ್ನೇ ಶುರುಮಾಡೋಣ. ನಡುವೆ ವೀಲ್‌ಚೇರ್ ಹೋಗುತ್ತಾ? ನಮ್ಮ ಮಾಡೆಲ್ ಮುಟ್ಟಿ ನೋಡಬಹುದಾ? ಟೇಪ್ ಹಿಡಿದು ಒಮ್ಮೆ ಅಳೆದು ನೋಡಿ.