ಬಾಡಿಗೆ ಮಳಿಗೆ: ಅಪಾಯವನ್ನು ಅಳೆಯುವುದು ಹೇಗೆ?

ಪ್ರಶ್ನೆ: ಹೊನ್ನಾಳಿಯಲ್ಲಿ ಬ್ಯಾಂಕ್ ಸಾಲ ಮಾಡಿ ನಾಲ್ಕು ಮಳಿಗೆ ಕಟ್ಟಿಸಿ ಬಾಡಿಗೆಗೆ ಕೊಡಬೇಕೆಂದಿದ್ದೇನೆ. ಬಾಡಿಗೆ ಕಂತಿಗಿಂತ ಹೆಚ್ಚೇ ಬರುತ್ತದೆ. ಆದರೂ ಅಪಾಯ ಎಷ್ಟೆಂದು ಮೊದಲೇ ತಿಳಿಯಬಹುದೇ?

ಉತ್ತರ: ಸಾಲಕ್ಕೆ ಸಹಿ ಹಾಕುವ ಮೊದಲೇ ನೀವು ಕೇಳಿದ್ದು ಒಳ್ಳೆಯದಾಯಿತು. ಖಂಡಿತ ತಿಳಿಯಬಹುದು. ಒಂದು ಉದಾಹರಣೆ ಇಟ್ಟುಕೊಂಡು ಹಂತಹಂತವಾಗಿ ನೋಡೋಣ.

ಮೊದಲು, ಕೈಗೆ ಉಳಿಯುವ ಬಾಡಿಗೆ. ಮಳಿಗೆಗೆ ತಿಂಗಳಿಗೆ 10,000 ರೂಪಾಯಿಯಂತೆ ವರ್ಷಕ್ಕೆ 4,80,000 ಬರಬೇಕು. ಒಂದು ಮಳಿಗೆ ಮೂರು ತಿಂಗಳು ಖಾಲಿ ಬಿದ್ದರೆ 30,000 ಹೋಯಿತು. ಕಂದಾಯ, ರಿಪೇರಿ, ವಿಮೆಗೆ 50,000 ಇಡಿ. ಉಳಿಯುವುದು 4,00,000.

ಎರಡನೆಯದು, ಕಂತಿನೊಡನೆ ಹೋಲಿಕೆ. 25 ಲಕ್ಷ ಸಾಲಕ್ಕೆ ಶೇ 10ರ ಬಡ್ಡಿಯಲ್ಲಿ, 15 ವರ್ಷದ ಅವಧಿಗೆ, ವರ್ಷದ ಕಂತು ಸುಮಾರು 3,22,000. ಉಳಿದ ಬಾಡಿಗೆಯನ್ನು ಇದರಿಂದ ಭಾಗಿಸಿದರೆ 1.24. ಸಾಲ ಕೊಡುವವರು ಸಾಮಾನ್ಯವಾಗಿ ಇದು 1.25ಕ್ಕಿಂತ ಕಡಿಮೆ ಇರಬಾರದೆಂದು ನೋಡುತ್ತಾರೆ. ಒಂದಕ್ಕಿಂತ ಕೆಳಗಿಳಿದರೆ ನೀವು ಕೈಯಿಂದ ಹಾಕಬೇಕು.

ಮೂರನೆಯದು, ಕೆಟ್ಟ ವರ್ಷದ ಲೆಕ್ಕ. ಒಂದು ಮಳಿಗೆ ವರ್ಷವಿಡೀ ಖಾಲಿ ಇದ್ದರೆ ಉಳಿಯುವುದು 3,10,000. ಕಂತಿಗೆ 12,000 ಕೊರತೆ. ಎಲ್ಲ ಮಳಿಗೆ ತುಂಬಿದ್ದಾಗ ಕಾಣದ ಅಪಾಯ ಇದೇ.

ಇಲ್ಲಿ ಒಂದು ಗೊಂದಲ ಸಹಜ. ಬಾಡಿಗೆದಾರರು ಕೊಡುವ ಅಡ್ವಾನ್ಸನ್ನು ಹಲವರು ಆದಾಯವೆಂದು ಎಣಿಸುತ್ತಾರೆ. ಅದು ಅವರು ಮಳಿಗೆ ಬಿಡುವಾಗ ಹಿಂದಿರುಗಿಸಬೇಕಾದ ಹಣ. ಕಟ್ಟಡಕ್ಕೆ ಸುರಿದುಬಿಟ್ಟರೆ, ಮಳಿಗೆ ಖಾಲಿಯಾದ ತಿಂಗಳಲ್ಲೇ ಅದನ್ನೂ ಹೊಂದಿಸಬೇಕಾಗುತ್ತದೆ.

ಕೊನೆಯದಾಗಿ, ನಿಮ್ಮ ಬಾಡಿಗೆದಾರರ ವ್ಯಾಪಾರ ಯಾವುದನ್ನು ನಂಬಿದೆ ಎಂದು ನೋಡಿ. ಚನ್ನಗಿರಿಯಲ್ಲಿ ಅಡಿಕೆ ಧಾರಣೆ ಕುಸಿದರೆ, ಜಗಳೂರಿನಲ್ಲಿ ಮಳೆ ಕೈಕೊಟ್ಟರೆ, ಆಯಾ ಪೇಟೆಯ ಅಂಗಡಿಗಳೆಲ್ಲ ಒಟ್ಟಿಗೇ ಸೊರಗುತ್ತವೆ. ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕು ಕೇಂದ್ರವಾದ ನ್ಯಾಮತಿಗೆ ಹೋಗುತ್ತಿರುವ ಗಿರಾಕಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನಾಲ್ಕೂ ಮಳಿಗೆಯನ್ನು ಗೊಬ್ಬರ, ಬೀಜದ ಅಂಗಡಿಗಳಿಗೇ ಕೊಡುವ ಬದಲು ಒಂದನ್ನು ಔಷಧಿ ಅಂಗಡಿಗೆ, ಇನ್ನೊಂದನ್ನು ದಿನಸಿಗೆ ಕೊಡುವುದು ಲೇಸು.

ನನ್ನ ಸಲಹೆ: ಸಾಧ್ಯವಾದರೆ ಸಾಲವನ್ನು 20 ಲಕ್ಷಕ್ಕೆ ಇಳಿಸಿ. ಆಗ ಒಂದು ಮಳಿಗೆ ವರ್ಷವಿಡೀ ಖಾಲಿ ಇದ್ದು, ಬಡ್ಡಿ ಶೇ 12ಕ್ಕೆ ಏರಿದರೂ ಕಂತು ಸುಮಾರು 2,88,000, ಬಾಡಿಗೆಯಿಂದಲೇ ತೀರುತ್ತದೆ.